ನಮ್ಮೂರ ನೀರಿನ ಫ್ಲೋರೈಡ್, ಮಗಳ ಹಲ್ಲಿನ ವಾರ್ನಿಷ್

ನಮಸ್ಕಾರ ಎಲ್ಲರಿಗೂ. ಇವತ್ತು ಮಗಳ ಹಲ್ಲಿಗೆ ಫ್ಲೋರೈಡ್ ವಾರ್ನಿಷ್, ಅಂದರೆ ಹುಳುಕು ತಡೆಯಲು ಹಲ್ಲಿನ ಮೇಲೆ ಸವರುವ ಲೇಪ, ಹಚ್ಚಿಸಲು ಹಲ್ಲಿನ ಡಾಕ್ಟರ್ ಹತ್ತಿರ ಬಂದಿದ್ದೇವೆ. ಅವಳಿಗೆ ನಾಲ್ಕು ವರ್ಷ. ಜೊತೆಗೆ ನಮ್ಮಮ್ಮನೂ ಇದ್ದಾರೆ, ಪಾವಗಡದಿಂದ ಬಂದಿದ್ದಾರೆ. ದಾರಿಯಲ್ಲಿ ಅಮ್ಮ ಕೇಳಿದರು: "ಫ್ಲೋರೈಡು ಅಂದ್ರೆ ನಮ್ಮೂರ ಬೋರ್‌ವೆಲ್ ನೀರಲ್ಲಿರೋದೇ ಅಲ್ವೇನೇ? ಅದನ್ನ ದುಡ್ಡು ಕೊಟ್ಟು ಮಗು ಬಾಯಿಗೆ ಹಾಕಿಸ್ತೀಯಾ?"

ಪಾವಗಡದವರು ಹೀಗೆ ಕೇಳದೆ ಇನ್ನು ಯಾರು ಕೇಳಬೇಕು? ನೀರಿನಲ್ಲಿ ಫ್ಲೋರೈಡ್ ಜಾಸ್ತಿಯಾದರೆ ಬರುವ ಕಂದು ಕಲೆಯ ಹಲ್ಲು, ಬಗ್ಗಲು ಆಗದ ಬೆನ್ನು, ಇದನ್ನೆಲ್ಲ ಅಮ್ಮ ಅಕ್ಕಪಕ್ಕದ ಮನೆಗಳಲ್ಲೇ ನೋಡಿದ್ದಾರೆ. ಬಾಗೇಪಲ್ಲಿ, ಮುಂಡರಗಿ, ಕೊಪ್ಪಳದ ಕಡೆಯವರಿಗೂ ಈ ಭಯ ಗೊತ್ತು. ಅದಕ್ಕೇ ಮೊದಲು ಈ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ.

ಹೌದಮ್ಮ, ಅದೇ ಫ್ಲೋರೈಡ್. ಆದರೆ ನೀರಿನಲ್ಲಿರುವುದು ಹೊಟ್ಟೆಗೆ ಹೋಗುತ್ತದೆ, ಅದೂ ದಿನಾ. ಮಕ್ಕಳ ಶಾಶ್ವತ ಹಲ್ಲುಗಳು ಸುಮಾರು 8 ವರ್ಷದವರೆಗೆ ದವಡೆಯೊಳಗೇ ತಯಾರಾಗುತ್ತಿರುತ್ತವೆ. ಆ ವಯಸ್ಸಿನಲ್ಲಿ ಹೊಟ್ಟೆಗೆ ಜಾಸ್ತಿ ಫ್ಲೋರೈಡ್ ಹೋದರೆ ಹಲ್ಲಿನ ಹೊರಪದರವಾದ ಎನಾಮೆಲ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಹಲ್ಲು ಬಿಳಿ ಮಚ್ಚೆ ಹೊತ್ತುಕೊಂಡೇ ಹುಟ್ಟುತ್ತದೆ. ತೀವ್ರವಾಗಿದ್ದರೆ ಬರಬರುತ್ತಾ ಕಂದು ಬಣ್ಣಕ್ಕೆ ತಿರುಗುತ್ತದೆ.

ಈಗ ಡಾಕ್ಟರ್ ಕೈಯಲ್ಲಿರುವ ಈ ಚಿಕ್ಕ ಪೊಟ್ಟಣ ನೋಡಿ. ಇದರಲ್ಲಿ ಫ್ಲೋರೈಡ್ 22,600 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 22,600 ಭಾಗ. ನಾವು ಉಜ್ಜುವ ಪೇಸ್ಟಿನಲ್ಲಿ ಸುಮಾರು 1,000. ಸಂಖ್ಯೆ ಕೇಳಿದರೆ ಗಾಬರಿಯಾಗುತ್ತದೆ, ಅಲ್ವಾ? ಆದರೆ ಹಾಲುಹಲ್ಲುಗಳಿಗೆಲ್ಲ ಸೇರಿ ಬೇಕಾಗುವುದು ಕಾಲು ಮಿಲಿಲೀಟರ್, ಅಂದರೆ ಕೆಲವೇ ಹನಿ. ಅಷ್ಟರಲ್ಲಿ ಇರುವ ಫ್ಲೋರೈಡ್ 6 ಮಿಲಿಗ್ರಾಂಗಿಂತ ಕಡಿಮೆ. ವರ್ಷಕ್ಕೆ ಎರಡು ಸಲ ಹಚ್ಚುತ್ತಾರೆ. ಹುಳುಕು ಬೇಗ ಆಗುವ ಮಕ್ಕಳಿಗೆ ನಾಲ್ಕು ಸಲ.

ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇರುವ ನೀರನ್ನು ಒಂದು ಮಗು ದಿನಕ್ಕೆ ಒಂದು ಲೀಟರ್ ಕುಡಿಯುತ್ತದೆ ಅಂದುಕೊಳ್ಳಿ. ಎರಡೇ ದಿನದಲ್ಲಿ ಆ 6 ಮಿಲಿಗ್ರಾಂ ಹೊಟ್ಟೆಗೆ ಹೋಗಿರುತ್ತದೆ. ಮೂರನೇ ದಿನ ಮತ್ತೆ ಶುರು, ವರ್ಷವಿಡೀ ಹಾಗೇ. ನಮ್ಮ ದೇಶದ ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ 1.5 ತನಕ. ಭಯಪಡಬೇಕಾದದ್ದು ದಿನಾ ಕುಡಿಯುವ ಆ ನೀರಿಗೆ. ಈ ಹನಿಗಳಿಗೆ ಅಲ್ಲ.

ವಾರ್ನಿಷ್ ಮಾಡುವ ಕೆಲಸವೇ ಬೇರೆ. ಸಿಹಿ ತಿಂದಾಗ ಬಾಯಿಯಲ್ಲಿರುವ ಬ್ಯಾಕ್ಟೀರಿಯಾ ಆಮ್ಲ ಬಿಡುತ್ತವೆ. ಆ ಆಮ್ಲಕ್ಕೆ ಹಲ್ಲಿನ ಖನಿಜ ಸ್ವಲ್ಪ ಸ್ವಲ್ಪವೇ ಕರಗುತ್ತದೆ. ಕಳೆದುಹೋದದ್ದನ್ನು ಜೊಲ್ಲು ಮತ್ತೆ ತುಂಬುತ್ತಿರುತ್ತದೆ. ಹಲ್ಲಿನ ಮೇಲೆ ಫ್ಲೋರೈಡ್ ಇದ್ದರೆ ಕರಗುವುದು ಕಡಿಮೆಯಾಗುತ್ತದೆ, ತುಂಬುವುದು ಬೇಗ ಆಗುತ್ತದೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ, ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧನಾ ಸಂಸ್ಥೆಯ 2013ರ ವರದಿಯಲ್ಲಿ, ವಾರ್ನಿಷ್ ಹಚ್ಚಿಸಿಕೊಂಡ ಮಕ್ಕಳಿಗೆ ಹಾಲುಹಲ್ಲುಗಳ ಹುಳುಕು ಸರಾಸರಿ 37%, ಶಾಶ್ವತ ಹಲ್ಲುಗಳದ್ದು 43% ಕಡಿಮೆಯಾಗಿತ್ತು.

ನಮ್ಮ ಸರದಿ ಬಂತು. ನಾನು, ಡಾಕ್ಟರ್ ಎದುರೆದುರು ಮಂಡಿಗೆ ಮಂಡಿ ತಾಗಿಸಿ ಕೂತಿದ್ದೇವೆ. ಮಗಳ ಕಾಲು ನನ್ನ ಕಡೆ, ತಲೆ ಅವರ ಮಡಿಲಲ್ಲಿ. ನನ್ನ ಮುಖ ಕಾಣುತ್ತಿರುವುದರಿಂದ ಅವಳು ಅಷ್ಟಾಗಿ ಹೆದರಲಿಲ್ಲ. ಹತ್ತಿಬಟ್ಟೆಯಿಂದ ಹಲ್ಲು ಒರೆಸಿದರು. ಉಗುರಿಗೆ ಬಣ್ಣ ಹಚ್ಚುವ ಹಾಗೆ ಚಿಕ್ಕ ಬ್ರಷ್‌ನಲ್ಲಿ ಸವರಿದರು. ಸೂಜಿ ಇಲ್ಲ, ಡ್ರಿಲ್ಲಿಂಗ್ ಇಲ್ಲ. ಜೊಲ್ಲು ತಾಗಿದ ಕೂಡಲೇ ಅದು ಹಲ್ಲಿಗೆ ಅಂಟಿಕೊಂಡಿತು. ಒಂದೆರಡು ನಿಮಿಷದ ಕೆಲಸ.

ಹಲ್ಲು ಸ್ವಲ್ಪ ಹಳದಿಯಾಗಿ ಕಾಣುತ್ತಿದೆ ನೋಡಿ, ನಾಳೆ ಉಜ್ಜಿದರೆ ಹೋಗುತ್ತದೆ. ಇವತ್ತು ರಾತ್ರಿ ಬ್ರಷ್ ಬೇಡ ಅಂದರು. ಚಕ್ಕುಲಿ, ಕಡಲೆಯಂಥ ಗಟ್ಟಿ ತಿಂಡಿ, ಬಿಸಿಬಿಸಿ ಹಾಲು ಕೂಡ ಬೇಡ. ಮೊಸರನ್ನ ಸಾಕು. ಹಲವು ವಾರ್ನಿಷ್‌ಗಳಲ್ಲಿ ಪೈನ್ ಮರದ ಅಂಟು ಇರುತ್ತದೆ. ಮಗುವಿಗೆ ಅದರ ಅಲರ್ಜಿ ಇದ್ದರೆ, ಬಾಯಿ ಹುಣ್ಣಾಗಿದ್ದರೆ, ಮೊದಲೇ ಹೇಳಿಬಿಡಿ.

ಆಗಲೇ ಗುಂಡಿ ಬಿದ್ದಿರುವ ಹಲ್ಲನ್ನು ವಾರ್ನಿಷ್ ತುಂಬುವುದಿಲ್ಲ. ಅದಕ್ಕೇ ಮೊದಲೇ ನೋಡಿಕೊಳ್ಳಬೇಕು. ಬೆಳಕಿನಲ್ಲಿ ಮಗುವಿನ ಮೇಲ್ತುಟಿ ಎತ್ತಿ. ಒಸಡಿನ ಅಂಚಿಗೆ ಸುಣ್ಣದಂಥ ಬಿಳಿ ಗೆರೆ ಕಂಡರೆ ಅದು ಹುಳುಕಿನ ಆರಂಭವಾಗಿರಬಹುದು. ಆ ಹಂತದಲ್ಲಿ ಹಲ್ಲನ್ನು ಇನ್ನೂ ಉಳಿಸಿಕೊಳ್ಳಬಹುದು. "ಹಾಲುಹಲ್ಲು ತಾನೆ, ಬಿದ್ದು ಹೋಗುತ್ತೆ" ಅಂತ ಸುಮ್ನೆ ಇರಬೇಡಿ. ಹಿಂದಿನ ಹಾಲುದವಡೆ ಹಲ್ಲು ಬೀಳುವುದು 10ರಿಂದ 12ನೇ ವರ್ಷದಲ್ಲಿ. ಅಲ್ಲಿಯವರೆಗೂ ಮಗು ನೋವು ತಿನ್ನಬೇಕಾ? ಇನ್ನೊಂದು ವಿಷಯ. 6ನೇ ವರ್ಷದ ಹೊತ್ತಿಗೆ ಇವುಗಳ ಹಿಂದೆ ಮೊದಲ ಶಾಶ್ವತ ದವಡೆ ಹಲ್ಲು ಹುಟ್ಟುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ತುಂಬ ಜನ ಅದನ್ನೂ ಹಾಲುಹಲ್ಲು ಅಂದುಕೊಳ್ಳುತ್ತಾರೆ.

ಫ್ಲೋರೈಡ್ ನೀರಿನ ಊರುಗಳವರು ಮಗು ಯಾವ ನೀರು ಕುಡಿಯುತ್ತದೆ ಅನ್ನುವುದನ್ನು ಡಾಕ್ಟರಿಗೆ ಹೇಳಲೇಬೇಕು. ಬೋರ್‌ವೆಲ್ ನೀರೋ, ಶುದ್ಧ ನೀರಿನ ಘಟಕದ್ದೋ? ಅಡುಗೆಗೆ ಯಾವುದು? ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ. ನೀರಿನ ಪರೀಕ್ಷೆ ಎಲ್ಲಿ ಮಾಡಿಸಬಹುದು ಅಂತ ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ವರದಿ ಸಿಕ್ಕರೆ ಫೋನಿನಲ್ಲಿ ಫೋಟೊ ತೆಗೆದುಕೊಂಡು ಹೋಗಿ. ಪೇಸ್ಟ್ ಎಷ್ಟು, ವಾರ್ನಿಷ್ ವರ್ಷಕ್ಕೆ ಎಷ್ಟು ಸಲ ಅನ್ನುವುದನ್ನು ಅವರು ಅದನ್ನೂ ನೋಡಿ ಹೇಳುತ್ತಾರೆ.