ಸ್ಟಾಲಿನ ಮುಂದೆ ಮೂರು ನಿಮಿಷ

ಕೇಳುಗರಿಗೆ ನಮಸ್ಕಾರ.

ಸಾಫ್ಟ್‌ವೇರ್ ಸಮ್ಮೇಳನದ ಮಾತು ಅಂದ ಕೂಡಲೇ ಇದು ಕಂಪ್ಯೂಟರ್ ಓದಿದವರಿಗೆ ಮಾತ್ರ ಅಂತ ರೇಡಿಯೋ ಆರಿಸಬೇಡಿ. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗೆ ಅದನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಇದೆ. ಲಿನಸ್ ಟೋರ್ವಾಲ್ಡ್ಸ್ ಎಂಬ ಫಿನ್‌ಲ್ಯಾಂಡಿನ ವಿದ್ಯಾರ್ಥಿ 1991ರಲ್ಲಿ ಅದನ್ನು ಶುರು ಮಾಡಿದ. ಮನೆಯಲ್ಲಿ ಮದುವೆ ವಿಡಿಯೋ ನೋಡಲು ಬಳಸುವ ವಿಎಲ್‌ಸಿ ಪ್ಲೇಯರ್ ಕೂಡ ಇದೇ ಜಾತಿಯದ್ದು. ಇವುಗಳ ಒಳಗಿನ ಕೋಡನ್ನು, ಅಂದರೆ ಕಂಪ್ಯೂಟರಿಗೆ ಬರೆದ ಸೂಚನೆಗಳನ್ನು, ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಓಪನ್ ಸೋರ್ಸ್, ಮುಕ್ತ ತಂತ್ರಾಂಶ ಅನ್ನುವುದು ಇದಕ್ಕೇ.

ಸುರತ್ಕಲ್, ಮಣಿಪಾಲ, ನಿಟ್ಟೆ, ಮೂಡುಬಿದಿರೆ ಅಂತ ನಮ್ಮಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿಗೆ ಕೊರತೆ ಇಲ್ಲ. ಅಲ್ಲಿನ ಮಕ್ಕಳು ಮುಕ್ತ ತಂತ್ರಾಂಶದ ಸಮ್ಮೇಳನ ಮಾಡುತ್ತಾರೆ. ಒಳಗೆ ಸಭಾಂಗಣದಲ್ಲಿ ಭಾಷಣ, ಹೊರಗೆ ಹಜಾರದಲ್ಲಿ ಸಾಲಾಗಿ ಸ್ಟಾಲು. ಒಂದು ತಂಡಕ್ಕೆ ಒಂದು ಮೇಜು, ಎರಡು ಕುರ್ಚಿ, ಅದೃಷ್ಟ ಇದ್ದರೆ ಒಂದು ಪ್ಲಗ್ ಪಾಯಿಂಟ್. ಆ ಮೇಜಿನ ಮೇಲೆ ಏನು ತೋರಿಸಬೇಕು, ಹೇಗೆ ತೋರಿಸಬೇಕು? ಇವತ್ತಿನ ಮಾತು ಅಷ್ಟೇ.

ಸಾಮಾನ್ಯವಾಗಿ ಕಾಣುವುದು ಇದು. ಹಿಂದೆ ದೊಡ್ಡ ಬ್ಯಾನರ್. ಮೇಜಿನ ಮೇಲೆ ಸ್ಟಿಕ್ಕರ್ ರಾಶಿ. ಇಬ್ಬರು ಹುಡುಗರು ತಮ್ಮ ತಮ್ಮ ಲ್ಯಾಪ್‌ಟಾಪಿನೊಳಗೆ ಮುಳುಗಿರುತ್ತಾರೆ. ಬಂದವರು ಸ್ಟಿಕ್ಕರ್ ಎತ್ತಿಕೊಂಡು ಹೋಗುತ್ತಾರೆ. ಯಾರಾದರೂ ನಿಂತು ಕೇಳಿದರೆ ಹತ್ತು ನಿಮಿಷದ ಭಾಷಣ ಶುರುವಾಗುತ್ತದೆ. ಯೋಜನೆ ಹುಟ್ಟಿದ್ದು ಯಾವಾಗ, ಯಾವ ಭಾಷೆಯಲ್ಲಿ ಬರೆದದ್ದು, ಎಷ್ಟು ಜನ ಬರೆದರು. ಪಾಪ, ಕೇಳುವವರ ಕಣ್ಣು ಆಗಲೇ ಚಹಾದ ಕೌಂಟರಿನ ಕಡೆ.

ಕದ್ರಿ ಜಾತ್ರೆಯಲ್ಲಿ ತರಕಾರಿ ಹೆಚ್ಚುವ ಸಾಧನ ಮಾರುವವರನ್ನು ನೋಡಿದ್ದೀರಲ್ವಾ? ಎದುರು ಜನ ಇರಲಿ, ಇಲ್ಲದಿರಲಿ, ಅವರ ಕೈ ಆಡುತ್ತಲೇ ಇರುತ್ತದೆ. ಕ್ಯಾರೆಟ್, ಬೀಟ್‌ರೂಟ್, ಸೌತೆಕಾಯಿ. ಹಲಸಿನಕಾಯಿ ತಂದು ಇಟ್ಟುಕೊಂಡವರನ್ನು ನಾನು ಕಂಡಿಲ್ಲ. ಯಾವುದು ಚಂದ ತುಂಡಾಗುತ್ತದೋ ಅದನ್ನೇ ತಂದಿರುತ್ತಾರೆ. ಎರಡು ನಿಮಿಷದಲ್ಲಿ ತೋರಿಸಿ, ಸಾಧನವನ್ನು ನಿಮ್ಮ ಕೈಗೇ ಕೊಡುತ್ತಾರೆ. ‘ನೀವೇ ಮಾಡಿ ನೋಡಿ ಅಕ್ಕ’ ಅನ್ನುತ್ತಾರೆ. ಸಮ್ಮೇಳನದಲ್ಲಿ ಸ್ಟಾಲ್ ಹಾಕುವವರು ಒಂದು ಸಂಜೆ ಅವರ ಎದುರು ನಿಂತು ಬಂದರೆ ಅರ್ಧ ಯೋಜನೆ ಅಲ್ಲೇ ಮುಗಿಯುತ್ತದೆ.

ಹೀಗೆ ಎದುರೇ ಮಾಡಿ ತೋರಿಸುವುದಕ್ಕೆ ಡೆಮೊ ಅನ್ನುತ್ತಾರೆ. ಕಂಪ್ಯೂಟರ್ ಲೋಕದಲ್ಲಿ ಎಲ್ಲ ಡೆಮೊಗಳ ತಾಯಿ ಅಂತ ಹೆಸರಾದ ಒಂದು ಡೆಮೊ ಇದೆ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಡಗ್ಲಸ್ ಎಂಗಲ್‌ಬರ್ಟ್ ಮಾಡಿದ್ದು. ಮೌಸ್ ಎಂಬ ವಸ್ತುವನ್ನು ಸಭೆಗೆ ತೋರಿಸಿದ್ದು ಅವತ್ತು. ಕಂಪ್ಯೂಟರ್ ಇದ್ದದ್ದು ಸುಮಾರು 48 ಕಿಲೋಮೀಟರ್ ದೂರದ ಮೆನ್ಲೊ ಪಾರ್ಕಿನಲ್ಲಿ. ಡೆಮೊ ನಡೆದದ್ದು ಒಂದೂವರೆ ಗಂಟೆ. ಆದರೆ ಅಲ್ಲಿಗೆ ಬಂದವರು ಕುರ್ಚಿಯಲ್ಲಿ ಕೂತು ನೋಡಲೆಂದೇ ಬಂದವರು. ನಿಮ್ಮ ಸ್ಟಾಲಿಗೆ ಬರುವವರು ನಿಂತೇ ಇರುತ್ತಾರೆ. ಹೆಗಲಲ್ಲಿ ಚೀಲ, ಕೈಯಲ್ಲಿ ಚಹಾದ ಲೋಟ. ಅವರ ಹತ್ತಿರ ಇರುವುದು ಮೂರು ನಿಮಿಷ. ಅದರಲ್ಲಿ ಒಂದು ನಿಮಿಷ ನೀವು ತೋರಿಸಿ. ಉಳಿದ ಎರಡು ಅವರ ಕೈಗೆ ಬಿಡಿ.

ಹಾಗಾದರೆ ಯಾವುದನ್ನು ತೋರಿಸುವುದು? ನನ್ನನ್ನು ಕೇಳಿದರೆ ಮೊದಲ ಸ್ಥಾನ ಕನ್ನಡ ಟೈಪಿಂಗಿಗೆ. ಇದೆಂತ ದೊಡ್ಡ ವಿಷಯ ಅನ್ನಬೇಡಿ. ಬಂದವರಿಗೆ ‘ನಿಮ್ಮ ಊರಿನ ಹೆಸರು ಟೈಪ್ ಮಾಡಿ’ ಅಂತ ಕೀಬೋರ್ಡ್ ಕೊಟ್ಟು ನೋಡಿ. ಬ್ರಹ್ಮಾವರದವರು ಬಂದರು ಅನ್ನಿ. ‘ಬಿ’ ಒತ್ತಿದರೆ ಬ ಬರುತ್ತದೆ. ‘ಎಫ್’ ಒತ್ತಿ ‘ಆರ್’ ಒತ್ತಿದರೆ ಅದೇ ಬ ಕೂಡಿಕೊಂಡು ಬ್ರ ಆಗುತ್ತದೆ. ಮುಂದಿನ ಹ್ಮಕ್ಕೂ ಅದೇ ‘ಎಫ್’. ಒತ್ತಕ್ಷರ ಕಣ್ಣೆದುರೇ ಹುಟ್ಟುವುದನ್ನು ನೋಡಿದವರ ಮುಖ ಅರಳುತ್ತದೆ. ಮರುಕ್ಷಣ ಫೋನ್ ತೆಗೆದು ಫೋಟೋ ಹೊಡೆಯುತ್ತಾರೆ. ಈ ಕೀಲಿಮಣೆಯ ಹಿಂದಿರುವವರು ಕೆ.ಪಿ. ರಾವ್. ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು. ನಮ್ಮ ಊರಿನವರದೇ ಕೆಲಸ ಅಂತ ಗೊತ್ತಾದರೆ ಆ ಕಡೆ ಹೊರಟ ಕಾಲು ಕೂಡ ನಿಲ್ಲುತ್ತದೆ. ಅವರ ವಿನ್ಯಾಸವನ್ನು ಅನುಸರಿಸಿದ ಕಗಪ ಕೀಲಿಮಣೆ ಲಿನಕ್ಸಿನಲ್ಲಿ ಮೊದಲೇ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆರಿಸಿಕೊಂಡರೆ ಸಾಕು. ಬೇರೆ ಏನೂ ಹಾಕಬೇಕಾಗಿಲ್ಲ.

ಇದಕ್ಕೆ ಸಿದ್ಧತೆ ಸಣ್ಣದೇ, ಆದರೆ ಮಾಡಬೇಕು. ಲ್ಯಾಪ್‌ಟಾಪಿನ ಕೀಬೋರ್ಡನ್ನು ಯಾರಿಗೂ ಕೊಡಬೇಡಿ. ಬೇರೆ ಒಂದು ಅಗ್ಗದ ಕೀಬೋರ್ಡನ್ನು ಬಂದವರ ಕಡೆಗೆ ಇಡಿ. ಯಾವ ಕೀಗೆ ಯಾವ ಅಕ್ಷರ ಅಂತ ಒಂದು ಹಾಳೆಯಲ್ಲಿ ದೊಡ್ಡದಾಗಿ ಬರೆದು ಪಕ್ಕದಲ್ಲಿ ಅಂಟಿಸಿ. ಪರದೆ ಅವರ ಕಣ್ಣಿನ ಮಟ್ಟಕ್ಕೆ ಬರಲಿ. ಕೆಳಗೆ ನಾಲ್ಕು ಪುಸ್ತಕ ಇಟ್ಟರೂ ಆಯಿತು. ಅಕ್ಷರದ ಗಾತ್ರ ನಿಮಗೆ ಸಾಕು ಅನಿಸಿದ್ದಕ್ಕಿಂತ ಎರಡು ಪಟ್ಟು ಇರಲಿ. ನೀವು ಮೇಜಿನ ಹಿಂದೆ ಕೂರಬೇಡಿ, ಪಕ್ಕಕ್ಕೆ ಬಂದು ನಿಲ್ಲಿ. ಅವರು ತಪ್ಪು ಒತ್ತಿದರೆ ಕೈ ಹಾಕಬೇಡಿ. ಇದು ತುಂಬ ಕಷ್ಟ, ನನಗೆ ಗೊತ್ತು. ಕೈಯನ್ನು ಹಿಂದೆ ಕಟ್ಟಿಕೊಳ್ಳಿ ಅಂತ ನಾನು ಹುಡುಗರಿಗೆ ಹೇಳುವುದುಂಟು.

ತುಳುನಾಡಿನಲ್ಲಿ ಸ್ಟಾಲ್ ಹಾಕಿದ ಮೇಲೆ ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ. ‘ತುಳು ಉಂಟಾ?’ ಉತ್ತರ ಕೈಯಲ್ಲೇ ಇರಲಿ. ತುಳು ವಿಕಿಪೀಡಿಯ 2016ರಿಂದ ಇದೆ. ಅದು ನಡೆಯುವುದು ಮೀಡಿಯಾವಿಕಿ ಎಂಬ ಮುಕ್ತ ತಂತ್ರಾಂಶದ ಮೇಲೆ. ಲೋಕದ ಲಿಪಿಗಳ ಒಂದೊಂದು ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ಒಂದು ಸಂಖ್ಯೆ ಕೊಡುವ ಪಟ್ಟಿಗೆ ಯೂನಿಕೋಡ್ ಅನ್ನುತ್ತಾರೆ. ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಅದರ 16ನೇ ಆವೃತ್ತಿಗೆ ಸೇರಿತು. ಆದರೆ ಯೂನಿಕೋಡಿಗೆ ಸೇರಿದ ಮಾತ್ರಕ್ಕೆ ಪರದೆಯ ಮೇಲೆ ಅಕ್ಷರ ಮೂಡುವುದಿಲ್ಲ. ಅದಕ್ಕೆ ಹೊಂದುವ ಫಾಂಟ್ ಆ ಕಂಪ್ಯೂಟರಿನಲ್ಲಿ ಇರಬೇಕು. ಇಲ್ಲದಿದ್ದರೆ ಖಾಲಿ ಚೌಕಗಳ ಸಾಲು ಕಾಣುತ್ತದೆ. ತೋರಿಸುತ್ತೇವೆ ಅಂತ ಪೋಸ್ಟರಿನಲ್ಲಿ ಹಾಕುವ ಮೊದಲು ಅದೇ ಲ್ಯಾಪ್‌ಟಾಪಿನಲ್ಲಿ ಒಮ್ಮೆ ತೆರೆದು ನೋಡಿ.

ಎರಡನೆಯದು ಟೆಸೆರಾಕ್ಟ್. ಮುದ್ರಿತ ಪುಟದ ಫೋಟೋ ಕೊಟ್ಟರೆ ಅಕ್ಷರಗಳನ್ನು ಓದಿ ಬರಹ ಮಾಡಿ ಕೊಡುತ್ತದೆ. ಕನ್ನಡವನ್ನೂ ಓದುತ್ತದೆ. ಎಚ್‌ಪಿ ಕಂಪೆನಿ 1985ರಲ್ಲಿ ಇದರ ಕೆಲಸ ಶುರು ಮಾಡಿ, 2005ರಲ್ಲಿ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಹಳೆಯ ಪಂಚಾಂಗದ ಒಂದು ಪುಟ ಇಟ್ಟು ಇದನ್ನು ತೋರಿಸಿದರೆ ಹಿರಿಯರೂ ನಿಂತು ನೋಡುತ್ತಾರೆ. ಅದು ತಪ್ಪೂ ಓದುತ್ತದೆ, ವಿಶೇಷವಾಗಿ ಒತ್ತಕ್ಷರ ಅಳಿಸಿಹೋದ ಕಡೆ. ಅದನ್ನು ಮುಚ್ಚಿಡಬೇಡಿ. ‘ತಪ್ಪು ಎಲ್ಲಿದೆ ಹುಡುಕಿ’ ಅಂತ ಬಂದವರನ್ನೇ ಕೇಳಿ. ತಪ್ಪು ಹುಡುಕುವುದರಲ್ಲಿ ನಮ್ಮವರು ಜಾಣರು, ಹತ್ತು ನಿಮಿಷ ಬೇಕಾದರೂ ಕೂತು ಹುಡುಕುತ್ತಾರೆ.

ಇನ್ನೊಂದು, ಪರದೆಯನ್ನೇ ಆಫ್ ಮಾಡಿ ತೋರಿಸುವ ಡೆಮೊ. ಎನ್‌ವಿಡಿಎ ಅಂತ ಒಂದು ತಂತ್ರಾಂಶ. ಕಣ್ಣು ಕಾಣದವರಿಗಾಗಿ ಪರದೆಯಲ್ಲಿ ಇರುವುದನ್ನು ಓದಿ ಹೇಳುತ್ತದೆ. ಆಸ್ಟ್ರೇಲಿಯಾದ ಮೈಕಲ್ ಕರನ್ 2006ರಲ್ಲಿ ಶುರು ಮಾಡಿದ್ದು. ಅವರಿಗೂ ಕಣ್ಣು ಕಾಣಿಸುವುದಿಲ್ಲ. ಅದರ ಜೊತೆ ಬರುವ ಇಸ್ಪೀಕ್ ಧ್ವನಿಗೆ ಕನ್ನಡ ಗೊತ್ತು. ಸ್ವಲ್ಪ ಯಂತ್ರದ ಕನ್ನಡ, ಆದರೂ ಕನ್ನಡವೇ. ಬಂದವರ ಕಿವಿಗೆ ಹೆಡ್‌ಫೋನ್ ಹಾಕಿ, ಪರದೆ ಆರಿಸಿ, ‘ಒಂದು ಫೈಲ್ ತೆರೆಯಿರಿ’ ಅನ್ನಿ. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನೇ ಬೇಕು. ಹಜಾರದ ಗಲಾಟೆಯಲ್ಲಿ ಸ್ಪೀಕರ್ ಇಟ್ಟರೆ ನಿಮಗೂ ಕೇಳುವುದಿಲ್ಲ, ಪಕ್ಕದ ಸ್ಟಾಲಿನವರಿಗೂ ಕಿರಿಕಿರಿ.

ಈಗ ಇಂಟರ್ನೆಟ್ಟಿನ ವಿಷಯ. ಇದರ ಬಗ್ಗೆ ನನ್ನದು ಹಠವೇ ಅನ್ನಿ. ಸ್ಟಾಲಿನ ಡೆಮೊಗೆ ಇಂಟರ್ನೆಟ್ ಬೇಕಾಗಲೇಬಾರದು. ಕಾಲೇಜಿನ ವೈಫೈ ಚೆನ್ನಾಗಿದೆ ಅಂತ ಹಿಂದಿನ ದಿನ ಖಾಲಿ ಹಜಾರದಲ್ಲಿ ನೋಡಿ ಹೇಳುತ್ತಾರೆ. ಮಾರನೇ ದಿನ ಅಲ್ಲೇ ನೂರಾರು ಫೋನುಗಳು. ವೈಫೈ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದಕ್ಕೊಂದು ತಾಗದ ಚಾನೆಲ್ಲುಗಳು ಮೂರೇ ಮೂರು. ಎಲ್ಲರ ಹಾಟ್‌ಸ್ಪಾಟ್ ಅದರಲ್ಲೇ ನುಗ್ಗಬೇಕು. ಸಾಲದ್ದಕ್ಕೆ ಮನುಷ್ಯರ ಮೈ ಕೂಡ ಆ ಅಲೆಗಳನ್ನು ಹೀರಿಕೊಳ್ಳುತ್ತದೆ. 2010ರ ಜೂನಿನಲ್ಲಿ ಆಪಲ್ ಕಂಪೆನಿಯ ಸ್ಟೀವ್ ಜಾಬ್ಸ್ ಹೊಸ ಐಫೋನ್ ತೋರಿಸಲು ವೇದಿಕೆ ಹತ್ತಿದಾಗ ಪುಟವೇ ತೆರೆಯಲಿಲ್ಲ. ಸಭೆಯಲ್ಲಿ ಐನೂರಕ್ಕೂ ಹೆಚ್ಚು ವೈಫೈ ಕೇಂದ್ರಗಳು ಚಾಲೂ ಇದ್ದವು. ದಯವಿಟ್ಟು ಆಫ್ ಮಾಡಿ ಅಂತ ಅವರೇ ಕೇಳಿಕೊಳ್ಳಬೇಕಾಯಿತು. ಅಷ್ಟು ದೊಡ್ಡ ಕಂಪೆನಿಗೇ ಹಾಗಾದರೆ ನಮ್ಮ ಒಂದು ಮೇಜಿನ ಗತಿ ಏನು?

ಹಾಗಾಗಿ ಎಲ್ಲವನ್ನೂ ಮೊದಲೇ ಇಳಿಸಿಕೊಂಡು ಬನ್ನಿ. ವಿಕಿಪೀಡಿಯ ತೋರಿಸಬೇಕಾ? ಕಿವಿಕ್ಸ್ ಇದೆ. ಇಡೀ ಕನ್ನಡ ವಿಕಿಪೀಡಿಯವನ್ನು ಡಿಸ್ಕಿನಲ್ಲಿ ಇಟ್ಟುಕೊಂಡು ಇಂಟರ್ನೆಟ್ ಇಲ್ಲದೆ ಓದಬಹುದು. ನಕ್ಷೆ ತೋರಿಸಬೇಕಾ? ಜನರೇ ಸೇರಿ ಬರೆಯುವ ಓಪನ್‌ಸ್ಟ್ರೀಟ್‌ಮ್ಯಾಪಿನ ನಕ್ಷೆಯನ್ನು ಫೋನಿಗೆ ಇಳಿಸಿ, ಫೋನನ್ನು ಫ್ಲೈಟ್ ಮೋಡಿಗೆ ಹಾಕಿ, ಹಂಪನಕಟ್ಟೆಯಿಂದ ಕದ್ರಿಗೆ ದಾರಿ ಹುಡುಕಲು ಕೊಡಿ. ನೆಟ್ ಇಲ್ಲದೆ ದಾರಿ ಸಿಕ್ಕಿತು ಅಂದಾಗ ಜನ ಇನ್ನೊಮ್ಮೆ ನೋಡುತ್ತಾರೆ. ಆದರೆ ‘ನೀವು ಈಗ ಇಲ್ಲಿದ್ದೀರಿ’ ಅಂತ ತೋರಿಸುವ ಆಸೆ ಬೇಡ. ಕಾಂಕ್ರೀಟ್ ತಾರಸಿಯ ಕೆಳಗೆ ಜಿಪಿಎಸ್ ಸರಿಯಾಗಿ ಸಿಗುವುದಿಲ್ಲ.

ಕರೆಂಟಿನ ಬಗ್ಗೆ ಕರಾವಳಿಯವರಿಗೆ ನಾನು ಹೇಳಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಾದರೆ ಸಂಜೆ ಗುಡುಗು ಮಿಂಚು ಇದ್ದದ್ದೇ. ಬ್ಯಾಟರಿ ಚೆನ್ನಾಗಿರುವ ಲ್ಯಾಪ್‌ಟಾಪ್ ಡೆಮೊಗೆ ಇರಲಿ, ಹಳೆಯದು ಮನೆಯಲ್ಲೇ ಇರಲಿ. ಉದ್ದದ ಎಕ್ಸ್‌ಟೆನ್ಶನ್ ಬೋರ್ಡು ನಿಮ್ಮದೇ ತನ್ನಿ. ವಯರನ್ನು ನೆಲಕ್ಕೆ ಟೇಪ್ ಹಾಕಿ ಅಂಟಿಸಿ.

ಒಬ್ಬರು ಮಾಡಿ ಹೋದ ಮೇಲೆ ಮುಂದಿನವರಿಗೆ ಅದೇ ಖಾಲಿ ಹಾಳೆ ಸಿಗಬೇಕು. ಇದನ್ನು ಜಾಸ್ತಿ ಜನ ಯೋಚಿಸುವುದೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಪರದೆ ತುಂಬ ತೆರೆದ ಕಿಟಕಿಗಳು, ಭಾಷೆ ಯಾರೋ ಬದಲಿಸಿದ್ದು, ಹಿಂದಿನವರ ಹೆಸರು ಹಾಗೇ ಇರುವುದು. ಲಿನಕ್ಸನ್ನು ಕಂಪ್ಯೂಟರಿಗೆ ಹಾಕದೆ ಪೆನ್‌ಡ್ರೈವಿನಿಂದಲೇ ಲೈವ್ ಆಗಿ ನಡೆಸಿದರೆ ಒಂದು ರೀಸ್ಟಾರ್ಟಿಗೆ ಎಲ್ಲ ಮೊದಲಿನಂತೆ ಆಗುತ್ತದೆ. ಆದರೆ ಫಾಂಟು, ಕೀಲಿಮಣೆಯ ಆಯ್ಕೆ ಕೂಡ ಆಗ ಅಳಿಸಿ ಹೋಗಬಹುದು, ಅದನ್ನು ಮೊದಲೇ ನೋಡಿಕೊಳ್ಳಿ. ಸ್ವಂತ ಲ್ಯಾಪ್‌ಟಾಪ್ ಆದರೆ ಡೆಮೊಗೆಂದೇ ಬೇರೆ ಖಾತೆ ಮಾಡಿ. ಇಲ್ಲದಿದ್ದರೆ ನಿಮ್ಮ ಅಮ್ಮ ಕಳಿಸಿದ ‘ಊಟ ಆಯ್ತಾ ಮಗಾ’ ಸಂದೇಶವನ್ನು ಇಡೀ ಹಜಾರ ಓದುತ್ತದೆ.

ಜನರ ಯೋಜನೆ ಯಂತ್ರದ್ದಕ್ಕಿಂತ ಕಷ್ಟ. ಪ್ರತಿ ಡೆಮೊಗೂ ಇಬ್ಬರು ಬೇಕು. ಒಬ್ಬರು ಊಟಕ್ಕೆ ಹೋದಾಗ ಇನ್ನೊಬ್ಬರಿಗೆ ಅದು ಪೂರ್ತಿ ಗೊತ್ತಿರಬೇಕು. ಹೆಜ್ಜೆಗಳನ್ನು ಒಂದೇ ಪುಟದಲ್ಲಿ ಬರೆದಿಡಿ. ಕೋಡ್ ಬರೆದವರೇ ತೋರಿಸಬೇಕು ಅಂತೇನಿಲ್ಲ. ನಿಜ ಹೇಳಬೇಕೆಂದರೆ ಬರೆದವರು ಜಾಸ್ತಿ ಮಾತಾಡುತ್ತಾರೆ. ಅವರನ್ನು ಎರಡನೇ ಕುರ್ಚಿಯಲ್ಲಿ ಕೂರಿಸಿ, ಆಳವಾದ ಪ್ರಶ್ನೆ ಬಂದಾಗ ಕರೆಯಿರಿ. ಗಂಟೆಗೊಂದು ಡೆಮೊ ಅಂತ ವೇಳಾಪಟ್ಟಿ ಅಂಟಿಸುವವರಿದ್ದಾರೆ. ಅದನ್ನು ಓದಿ ಬರುವವರು ಕಡಿಮೆ. ಜನ ಬರುವುದು ಚಹಾದ ಬಿಡುವಿನಲ್ಲಿ, ಎಲ್ಲರೂ ಒಟ್ಟಿಗೆ. ಆಗ ಚುಟುಕು ಡೆಮೊ. ಒಳಗೆ ಭಾಷಣ ನಡೆಯುವಾಗ ಹೊರಗೆ ಉಳಿದ ನಾಲ್ಕು ಜನರಿಗೆ ಉದ್ದದ್ದು. ಸಮ್ಮೇಳನಕ್ಕೆ ಮೊದಲು ಒಮ್ಮೆ ಕಾಮರ್ಸ್ ಓದುವ ಗೆಳೆಯರನ್ನು ಕರೆದು ಕೀಬೋರ್ಡ್ ಕೊಡಿ. ನೀವು ಬಾಯಿ ಬಿಡಬೇಡಿ. ಅವರು ಎಲ್ಲಿ ನಿಂತರೋ ಆ ಹೆಜ್ಜೆಯನ್ನು ಕಿತ್ತುಹಾಕಿ.

ಎಷ್ಟು ಮಾಡಿದರೂ ಕೆಲವೊಮ್ಮೆ ಕೈಕೊಡುತ್ತದೆ. ಅದಕ್ಕೆ ಒಂದು ರೆಕಾರ್ಡ್ ಮಾಡಿದ ವಿಡಿಯೋ ಇರಲಿ. ಆದರೆ ಅದನ್ನೇ ಬೆಳಗ್ಗಿನಿಂದ ಓಡಿಸಬೇಡಿ. ವಿಡಿಯೋ ಮನೆಯಲ್ಲೂ ನೋಡಬಹುದು.

‘ಇದು ಫ್ರೀಯಾ? ಹಾಗಾದ್ರೆ ನಿಮಗೆ ಎಂತ ಸಿಗ್ತದೆ ಮಾರಾಯ್ರೇ?’ ಈ ಪ್ರಶ್ನೆಯೂ ಬರುತ್ತದೆ. ಆಗ ತತ್ವ ಹೇಳಲು ಹೋಗಬೇಡಿ. ಪಕ್ಕದ ಕಾಸರಗೋಡನ್ನು ತೋರಿಸಿ. ಕೇರಳದ ಸರಕಾರಿ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯುವುದು ಲಿನಕ್ಸಿನ ಮೇಲೆ. ಸರಕಾರ ಅದನ್ನು ತನಗೆ ಬೇಕಾದಂತೆ ತಿದ್ದಿಕೊಂಡಿದೆ. ಒಂದೊಂದು ಕಂಪ್ಯೂಟರಿಗೂ ಲೈಸೆನ್ಸ್ ದುಡ್ಡು ಕೊಡಬೇಕಾಗಿಲ್ಲ. ಅದನ್ನು ತಿದ್ದಿ, ನಡೆಸಿ, ಕಲಿಸುವವರಿಗೆ ಸಂಬಳ ಸಿಗುತ್ತದೆ. ಇಷ್ಟು ಹೇಳಿದರೆ ವ್ಯಾಪಾರ ಗೊತ್ತಿರುವ ನಮ್ಮ ಜಿಲ್ಲೆಯವರಿಗೆ ಅರ್ಥವಾಗುತ್ತದೆ.

ಇವರೆಲ್ಲರ ನಡುವೆ ದಿನಕ್ಕೆ ಐದಾರು ಜನ ಹೋಗುವುದೇ ಇಲ್ಲ, ಮೇಜಿನ ಹತ್ತಿರವೇ ಸುತ್ತುತ್ತಾರೆ. ‘ನಾನು ಎಂತ ಮಾಡ್ಬಹುದು?’ ಅಂತ ಕೇಳುತ್ತಾರೆ. ಅವರಿಗೆ ಬರೀ ಸ್ಟಿಕ್ಕರ್ ಕೊಟ್ಟು ಕಳಿಸಬೇಡಿ. ಅಲ್ಲೇ ಕೂತು ಮಾಡುವ ಸಣ್ಣ ಕೆಲಸ ತಯಾರಿರಲಿ. ಒಂದು ಮೆನುವಿನ ನಾಲ್ಕು ಸಾಲು ಕನ್ನಡಕ್ಕೆ ತರುವುದು. ಟೆಸೆರಾಕ್ಟ್ ಓದಿದ ಪುಟವನ್ನು ತಿದ್ದುವುದು. ನಕ್ಷೆಯಲ್ಲಿ ಅವರ ಊರಿನ ಬಸ್ ಸ್ಟ್ಯಾಂಡಿಗೆ ಕನ್ನಡದ ಹೆಸರು ಬರೆದಿಡುವುದು. ನೆಟ್ ಸಿಕ್ಕಾಗ ಅದನ್ನು ಅವರದೇ ಹೆಸರಿನಲ್ಲಿ ಏರಿಸಿ. ಈ ಕೆಲಸಗಳ ಪಟ್ಟಿಯನ್ನು ಹಿಂದಿನ ವಾರವೇ ಮಾಡಿ, ಪ್ರಿಂಟ್ ತೆಗೆದು, ಕೀಬೋರ್ಡಿನ ಕೆಳಗೆ ಇಟ್ಟುಕೊಳ್ಳಿ. ಚಹಾದ ಬಿಡುವಿನ ಗದ್ದಲದಲ್ಲಿ ಕೂತು ಯೋಚಿಸಲು ಆಗುವುದಿಲ್ಲ.

ನಮಸ್ಕಾರ.