ಈ ದೃಶ್ಯ ಯಾವ ತಿಂಗಳದ್ದು?
ಹಳ್ಳಿಗೆ ಮರಳಿದವರ ಟಿವಿ ಕಾರ್ಯಕ್ರಮಗಳನ್ನು ನೋಡುವ ಬಗೆ: ಶಿರಸಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ

ಹಿರಿಯರಿಗೆ ನಮಸ್ಕಾರ. ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ,

ನೌಕರಿ ಬಿಟ್ಟು ಹಳ್ಳಿಗೆ ಬಂದವರ ಕಾರ್ಯಕ್ರಮ ಟಿವಿಯಲ್ಲಿ ಶುರುವಾದರೆ ನಮ್ಮ ಕಡೆಯ ಜಗಲಿಗಳಲ್ಲಿ ಎರಡು ಮಾತು ಕೇಳಿಬರುತ್ತವೆ. ‘ಇದೆಲ್ಲ ಕ್ಯಾಮೆರಾದವರು ಹೇಳಿಕೊಟ್ಟು ಮಾಡಿಸಿದ್ದು’ ಎನ್ನುವುದು ಒಂದು. ‘ಬೆಂಗಳೂರಲ್ಲಿ ಗಳಿಸಿಟ್ಟ ದುಡ್ಡಿದ್ದರೆ ಯಾರು ಬೇಕಾದರೂ ತೋಟ ಮಾಡುತ್ತಾರೆ’ ಎನ್ನುವುದು ಇನ್ನೊಂದು. ಎರಡರಲ್ಲೂ ಸತ್ಯದ ಅಂಶವಿದೆ. ಆದರೆ ಎರಡೂ ತೆರೆಯ ಮೇಲಿನ ಮನುಷ್ಯನನ್ನು ಶಂಕಿಸಿ ಅಲ್ಲಿಗೇ ನಿಂತುಬಿಡುತ್ತವೆ. ಅದೇ ಕಾರ್ಯಕ್ರಮ ನೋಡಿ ಎರಡೆಕರೆ ಕೊಳ್ಳಲು ಹೊರಟ ಹುಡುಗನಿಗೆ ಆ ಶಂಕೆಯಿಂದ ಏನೂ ಸಿಗುವುದಿಲ್ಲ. ಅವನ ಕೈಗೆ ಕೊಡಬಹುದಾದ ಪ್ರಶ್ನೆಯೊಂದಿದೆ: ಈ ದೃಶ್ಯ ಯಾವ ತಿಂಗಳದ್ದು?

ಇಂಥ ಕಾರ್ಯಕ್ರಮಗಳು ನಮ್ಮಲ್ಲಿ ಮಾತ್ರ ಇಲ್ಲ. ಬ್ರಿಟನ್ನಿನ ಬಿಬಿಸಿಯಲ್ಲಿ ‘ಎಸ್ಕೇಪ್ ಟು ದ ಕಂಟ್ರಿ’ 2002ರಿಂದ ನಡೆದುಬಂದಿದೆ. ಪೇಟೆ ಬಿಡಬೇಕೆಂದಿರುವ ದಂಪತಿಗೆ ಸಾಮಾನ್ಯವಾಗಿ ಮೂರು ಮನೆ ತೋರಿಸುತ್ತಾರೆ, ಬೆಲೆ ಊಹಿಸಲು ಹೇಳುತ್ತಾರೆ. ಅಲ್ಲಿಯ ನೋಡುಗರೂ ಕೇಳುವುದು ಇದನ್ನೇ: ಇಷ್ಟು ಹಣ ಎಲ್ಲಿಂದ ಬಂತು, ಕೊನೆಗೆ ಮನೆ ಕೊಂಡರೋ ಇಲ್ಲವೋ? ಅಲ್ಲಿ ಮುಖ್ಯ ವಿಷಯ ಮನೆ. ನಮ್ಮ ಕಡೆ ವಿಷಯ ಭೂಮಿ, ನೀರು, ಮಳೆ. ಹಾಗಾಗಿ ನಾವು ಕೇಳಬೇಕಾದ್ದೂ ಬೇರೆ.

ಮೊದಲು ಚಿತ್ರೀಕರಣದ ರೀತಿ ನೋಡೋಣ. ಟಿವಿಯಲ್ಲಿ ಗಂಟೆಗೆ 12 ನಿಮಿಷ ಜಾಹೀರಾತಿಗೆ ಎಂಬ ಮಿತಿಯಿದೆ. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಉಳಿಯುವುದು 24 ನಿಮಿಷ. ತಂಡ ಬಂದು ಒಂದೆರಡು ದಿನ ಇದ್ದು ಹೋಗುತ್ತದೆ. ತೋಟದ ದಾರಿಯಲ್ಲಿ ನಡೆದು ಬರುವ ದೃಶ್ಯವನ್ನು ಎದುರಿನಿಂದ, ಹಿಂದಿನಿಂದ, ಡ್ರೋನಿನಿಂದ ಬೇರೆ ಬೇರೆಯಾಗಿ ತೆಗೆಯಬೇಕು, ಆದ್ದರಿಂದ ಅವರನ್ನು ಮೂರು ನಾಲ್ಕು ಸಲ ನಡೆಸುತ್ತಾರೆ. ಅಗಲದ ಲೆನ್ಸ್ ಹಾಕಿದರೆ ಸಣ್ಣ ಜಗಲಿ ದೊಡ್ಡದಾಗಿ ಕಾಣುತ್ತದೆ. ಹಕ್ಕಿಯ ದನಿ, ಹಳ್ಳದ ಸದ್ದು ಎಷ್ಟೋ ಸಲ ನಂತರ ಕೂಡಿಸಿದ್ದು. ಇದನ್ನೆಲ್ಲ ಮೋಸವೆನ್ನಲು ನಾನು ಒಪ್ಪುವುದಿಲ್ಲ. ದೃಶ್ಯ ಕಟ್ಟುವ ಕಸುಬು ನಡೆಯುವುದೇ ಹೀಗೆ.

ತೊಂದರೆ ಬೇರೆ ಕಡೆ ಇದೆ. ಸಾಮಾನ್ಯ ಡ್ರೋನನ್ನು ಮಳೆಯಲ್ಲಿ ಹಾರಿಸಲಾಗುವುದಿಲ್ಲ. ಲೆನ್ಸಿನ ಮೇಲೆ ಹಬೆ ಕೂರುತ್ತದೆ, ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ಮೈಕಿನಲ್ಲಿ ಮಾತು ಕೇಳುವುದಿಲ್ಲ, ಮೋಡ ಕವಿದ ಅಡಿಕೆ ತೋಟದೊಳಗೆ ಬೆಳಕು ಸಾಲುವುದಿಲ್ಲ. ಹೀಗಾಗಿ ತಂಡಗಳು ಹೆಚ್ಚಾಗಿ ಬರುವುದು ನವೆಂಬರಿನಿಂದ ಫೆಬ್ರವರಿಯೊಳಗೆ. ಆಗ ಹಳ್ಳದಲ್ಲಿ ನೀರಿದೆ, ಅಂಗಳದಲ್ಲಿ ಅಡಿಕೆ ಹರವಿದೆ, ಬೆಳಗ್ಗೆ ಇಬ್ಬನಿ, ಮಧ್ಯಾಹ್ನ ಹಿತವಾದ ಬಿಸಿಲು. ವರ್ಷದ ಚೆಂದದ ನಾಲ್ಕು ತಿಂಗಳು ಹನ್ನೆರಡು ತಿಂಗಳಂತೆ ಕಾಣಿಸುವುದು ಹೀಗೆ. ತೆರೆಯ ಮೇಲಿನವರು ಒಂದು ಸುಳ್ಳೂ ಹೇಳದಿದ್ದರೂ ನೋಡುಗರು ತಪ್ಪು ತಿಳಿಯುತ್ತಾರೆ.

ತಿಂಗಳನ್ನು ತೆರೆಯ ಮೇಲೆಯೇ ಓದಬಹುದು. ನಿರೂಪಕರ ಮುಖ ಬಿಟ್ಟು ಹಿಂದೆ ನೋಡಿ. ಅಂಗಳದಲ್ಲಿ ಚಾಲಿ (ಸಿಪ್ಪೆ ಸಮೇತ ಒಣಗಿಸುವ ಹಣ್ಣಡಿಕೆ) ಹರವಿದ್ದರೆ ಮಳೆ ಮುಗಿದು ಕೊಯ್ಲಾಗಿದೆ. ಚಾಲಿ ಒಣಗಲು 40ರಿಂದ 45 ದಿನದ ಬಿಸಿಲು ಬೇಕು. ನಡುವೆ ಅಕಾಲ ಮಳೆ ಬಂದರೆ ಮನೆಮಂದಿಯೆಲ್ಲ ಎದ್ದು ರಾಶಿ ಮಾಡಿ ಮುಚ್ಚಬೇಕು, ನೆನೆದ ಅಡಿಕೆಗೆ ಬೂಸಲು ಹಿಡಿದು ದರ ಇಳಿಯುತ್ತದೆ. ಮರದ ಕೊನೆಗಳಿಗೆ, ಎಂದರೆ ಅಡಿಕೆ ಗೊಂಚಲುಗಳಿಗೆ, ಮಳೆ ತಡೆಯುವ ಕೊಟ್ಟೆ (ಹೊದಿಕೆ) ಕಟ್ಟಿದ್ದರೆ, ಅದು ಕರಡದ (ಒಣಹುಲ್ಲಿನ) ಕೊಟ್ಟೆಯಿರಲಿ ಪ್ಲಾಸ್ಟಿಕ್ಕಿನದಿರಲಿ, ಅದು ಮಳೆಗಾಲದ ದೃಶ್ಯ. ಎಲೆ, ಕೊನೆಗಳ ಮೇಲೆ ತಿಳಿನೀಲಿ ಕಲೆಯಿದ್ದರೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆದಿದ್ದಾರೆ. ಸಿಂಗಾರ (ಅಡಿಕೆಯ ಹೂಗೊಂಚಲು) ಬಿಚ್ಚಿದ್ದರೆ ಬೇಸಿಗೆ ಹತ್ತಿರ. ಮನೆಯ ಪಡುವಣ ಗೋಡೆಗೆ ಸೋಗೆಯ (ಅಡಿಕೆ ಗರಿಯ) ತಟ್ಟಿಯೋ ನೀಲಿ ಪ್ಲಾಸ್ಟಿಕ್ಕೋ ಕಟ್ಟಿದ್ದರೆ ಅದು ಜೂನ್ ಗಾಳಿಯ ಸಿದ್ಧತೆ. ‘ಮಳೆನಾಡಿನ ಬದುಕು’ ಎಂಬ ಹೆಸರಿನ ಸಂಚಿಕೆಯಲ್ಲಿ ಒಂದೇ ಒಂದು ತಟ್ಟಿ, ಕೊಟ್ಟೆ, ಕೊಡೆ ಕಾಣದಿದ್ದರೆ ಅದನ್ನು ಚಳಿಗಾಲದ ಸಂಚಿಕೆ ಎಂದೇ ಲೆಕ್ಕಕ್ಕೆ ಹಿಡಿಯಿರಿ.

ಕಾಣಿಸದೆ ಉಳಿಯುವುದು ಏನು? ಘಟ್ಟದ ಕೆಳಗೆ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ, ಅದರ ಬಹುಪಾಲು ನಾಲ್ಕು ತಿಂಗಳಲ್ಲಿ. ಆ ನಾಲ್ಕು ತಿಂಗಳಲ್ಲೇ ತೋಟದ ವರ್ಷದ ಭವಿಷ್ಯ ತೀರ್ಮಾನವಾಗುತ್ತದೆ. ಕೊಳೆರೋಗವನ್ನೇ ತೆಗೆದುಕೊಳ್ಳಿ. ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಜೀವಿಯಿಂದ ಬರುವ ಇದು ಬಿಡದೆ ಸುರಿಯುವ ಮಳೆ, ತಂಪು, ತೇವ ಇದ್ದಾಗ ಹಬ್ಬುತ್ತದೆ. ಎಳೆಯ ಕಾಯಿ ಬೆಳ್ಳಗಿನ ಬೂಸಲು ಹೊತ್ತು ಬುಡದಲ್ಲಿ ಉದುರಿ ಬೀಳುತ್ತದೆ. ಮುಂಗಾರು ಹಿಡಿಯುವ ಮೊದಲು ಒಂದು ಸಲ, ಮತ್ತೆ 40-45 ದಿನಕ್ಕೆ ಇನ್ನೊಂದು ಸಲ ಶೇ. 1ರ ಬೋರ್ಡೋ ಹೊಡೆಯಬೇಕು. 1 ಕೆ.ಜಿ. ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಬೇಕು. 1 ಕೆ.ಜಿ. ಸುಣ್ಣವನ್ನು ಬೇರೆ 50 ಲೀಟರಿನಲ್ಲಿ ಕದಡಿ ಸೋಸಬೇಕು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕೈಯಾಡಿಸುತ್ತ ನಿಧಾನವಾಗಿ ಸುರಿಯಬೇಕು, ಅದಲು ಬದಲು ಮಾಡಬಾರದು. ಕಬ್ಬಿಣದ ಪಾತ್ರೆ ಬೇಡ, ಪ್ಲಾಸ್ಟಿಕ್ ಡ್ರಮ್ ಆಗಬೇಕು. ಕೊನೆಗೆ ಉಜ್ಜಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ನೋಡಬೇಕು. ಕೆಂಪು ಲೇಪ ಕೂತರೆ ಸುಣ್ಣ ಸಾಲಲಿಲ್ಲ, ಇನ್ನಷ್ಟು ಸುಣ್ಣದ ನೀರು ಹಾಕಬೇಕು. ಹಾಗೇ ಹೊಡೆದರೆ ಸಿಂಗಾರ, ಎಳೆಕಾಯಿ ಸುಡುತ್ತವೆ. ಮಾಡಿದ ದಿನವೇ ಮುಗಿಸಬೇಕು, ಇಟ್ಟರೆ ತಳ ಕೂತು ಬಲ ಹೋಗುತ್ತದೆ.

ಹೊಸಬರು ತಪ್ಪುವುದು ಈ ಪಾಕದಲ್ಲಿ ಅಲ್ಲ, ಅದನ್ನು ಯಾರು ಬೇಕಾದರೂ ಕಲಿಯಬಹುದು. ಅವರು ತಪ್ಪುವುದು ಕೊನೆಗೌಡನ, ಎಂದರೆ ಮರ ಹತ್ತಿ ಔಷಧ ಹೊಡೆಯುವ, ಕೊನೆ ಕೊಯ್ಯುವ ಕೆಲಸಗಾರನ, ದಿನ ಹಿಡಿಯುವುದರಲ್ಲಿ. ಮಳೆ ಒಂದು ಹೊತ್ತು ಬಿಟ್ಟಿತೆಂದರೆ ಆ ಸೀಮೆಯ ಎಲ್ಲ ತೋಟಗಳಿಗೂ ಅದೇ ಹೊತ್ತಿಗೆ ಮರ ಹತ್ತುವವರು ಬೇಕು. ಇದ್ದವರು ಕೆಲವೇ ಜನ. ಅವರು ಮೊದಲು ಹೋಗುವುದು ಹತ್ತಾರು ವರ್ಷದ ಒಡನಾಟವಿರುವ ಮನೆಗೆ, ಅದು ನ್ಯಾಯವೂ ಹೌದು. ನಿನ್ನೆ ಬಂದವರ ಪಾಳಿ ಬರುವಷ್ಟರಲ್ಲಿ ಮತ್ತೆ ಮಳೆ ಹಿಡಿದಿರುತ್ತದೆ. ಕಾರ್ಬನ್ ಫೈಬರಿನ ದೋಟಿ (ಉದ್ದನೆಯ ಕೋಲು) ಬಂದ ಮೇಲೆ ನೆಲದಲ್ಲಿ ನಿಂತೇ ಸಿಂಪಡಿಸಲು, ಕೊಯ್ಯಲು ಸಾಧ್ಯವಾಗಿದೆ, ಆದರೆ ಉದ್ದದ ದೋಟಿ ಹಿಡಿದು ಗುರಿ ತಪ್ಪದಂತೆ ಹೊಡೆಯುವುದೂ ಕಲಿತ ಕೈಯ ಕೆಲಸ. ಟಿವಿಯಲ್ಲಿ ‘ಊರಿನವರ ಸಹಕಾರ ಚೆನ್ನಾಗಿದೆ’ ಎಂಬ ಮಾತು ಬಂದಾಗ ನೋಡುಗರ ಮನಸ್ಸಿನಲ್ಲಿ ಏಳಬೇಕಾದ ಪ್ರಶ್ನೆ: ಜುಲೈಯಲ್ಲಿ ಇವರ ಮರ ಹತ್ತುವವರು ಯಾರು?

ಇನ್ನು ಬೇಸಿಗೆ. ಡಿಸೆಂಬರಿನ ಹಳ್ಳವನ್ನು ತೋರಿಸಿ ‘ನೀರಿಗೆ ಕೊರತೆಯಿಲ್ಲ’ ಎಂದರೆ ನಂಬಬೇಡಿ. ಲೆಕ್ಕ ಹಾಕಿ. 9 ಅಡಿಗೆ 9 ಅಡಿ ಅಂತರದಲ್ಲಿ ಎಕರೆಗೆ ಸುಮಾರು 540 ಅಡಿಕೆ ಮರ. ಹನಿ ನೀರಾವರಿಯಲ್ಲಿ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಹಿಡಿದರೆ ಎಕರೆಗೆ ಹತ್ತಿರ ಹತ್ತಿರ 10,000 ಲೀಟರ್ ಬೇಕು. ಬಾವಿ ಅಷ್ಟು ಕೊಡುತ್ತದೆಯೇ ಎಂದು ತಿಳಿಯಲು ಯಂತ್ರ ಬೇಕಾಗಿಲ್ಲ. ಏಪ್ರಿಲ್ ಕೊನೆಗೋ ಮೇ ತಿಂಗಳಲ್ಲೋ ಪಂಪಿನಿಂದ ನೀರು ಇಳಿಸಿ, ಗುರುತು ಹಾಕಿದ ಹಗ್ಗ ಬಿಟ್ಟು, 24 ತಾಸಿನ ನಂತರ ಎಷ್ಟು ಏರಿದೆ ನೋಡಿ. ಹತ್ತಡಿ ಅಗಲದ ದುಂಡು ಬಾವಿಯಲ್ಲಿ ಒಂದಡಿ ಏರಿದರೆ ಸುಮಾರು 2,200 ಲೀಟರ್ ಬಂದಂತೆ. ಎಕರೆ ತೋಟಕ್ಕೆ ದಿನಕ್ಕೆ ನಾಲ್ಕೂವರೆ ಅಡಿ ಏರಬೇಕು. ಒಂದೂವರೆ ಅಡಿ ಏರುವ ಬಾವಿಯೂ ಡಿಸೆಂಬರಿನ ಕ್ಯಾಮೆರಾಕ್ಕೆ ತುಂಬಿಯೇ ಕಾಣುತ್ತದೆ. ಅಘನಾಶಿನಿ, ಗಂಗಾವಳಿ, ಕಾಳಿ, ಶರಾವತಿ ನದಿಗಳ ಕೋಡಿಗಳ, ಎಂದರೆ ಕಡಲ ನೀರು ಏರಿ ಬರುವ ಕವಲುಗಳ, ಹತ್ತಿರವಾದರೆ ನೀರನ್ನು ಬಾಯಿಗೆ ಹಾಕಿಯೂ ನೋಡಬೇಕು. ಮೇ ತಿಂಗಳಲ್ಲಿ ಉಪ್ಪು ಒಳಗೆ ಬರುವ ಬಾವಿಗಳಿವೆ.

ಹೊಸದಾಗಿ ಸಸಿ ನೆಟ್ಟ ತೋಟವೂ ಚಳಿಗಾಲದಲ್ಲಿ ನಳನಳಿಸುತ್ತದೆ. ಮಾರ್ಚಿಯಲ್ಲಿ ನೈಋತ್ಯದ ಇಳಿಬಿಸಿಲು ಹೊಡೆದ ಎಳೆ ಕಾಂಡ ಹಳದಿಯಾಗಿ, ಮುಂದೆ ಸೀಳಿ, ಗಾಳಿಗೆ ಮುರಿಯುತ್ತದೆ. ಅದಕ್ಕಾಗಿ ನಡುವೆ ಬಾಳೆ ನೆಡುತ್ತಾರೆ, ಕಾಂಡಕ್ಕೆ ಸೋಗೆ ಸುತ್ತುತ್ತಾರೆ. ಬಸಿಗಾಲುವೆ ಗುಂಡಿಯ ತಳಕ್ಕಿಂತ 15ರಿಂದ 30 ಸೆಂ.ಮೀ. ಆಳವಿರಬೇಕು, ಇಲ್ಲದಿದ್ದರೆ ಬೇರು ನೀರಿನಲ್ಲಿ ನಿಂತು ಕೊಳೆಯುತ್ತದೆ. ಗಿಡ ಫಲಕ್ಕೆ ಬರಲು ಐದರಿಂದ ಏಳು ವರ್ಷ. ಎರಡು ವರ್ಷದ ತೋಟದಲ್ಲಿ ನಿಂತವರನ್ನು ‘ಯಶಸ್ವಿ ಕೃಷಿಕ’ ಎಂದು ಕರೆದರೆ ಆ ಪದಕ್ಕೂ ಆ ಮನುಷ್ಯನಿಗೂ ಅನ್ಯಾಯ.

ಹಣದ ಮಾತು ಬಂದಾಗ ಕಾರ್ಯಕ್ರಮಗಳು ಒಂದೇ ಗುಣಾಕಾರ ಮಾಡುತ್ತವೆ: ಇಷ್ಟು ಕ್ವಿಂಟಲ್, ಇಂದಿನ ದರ, ಇಷ್ಟು ಲಕ್ಷ. ಮರಕ್ಕೆ ಒಂದೂವರೆ ಕೆ.ಜಿ. ಒಣ ಅಡಿಕೆ ಹಿಡಿದರೆ ಎಕರೆಗೆ ಎಂಟು ಕ್ವಿಂಟಲ್. ಸರಿ, ಅದು ಒಟ್ಟು ಬಂದದ್ದು. ಕೊಯ್ಲು, ಸುಲಿತ, ಔಷಧ, ಗೊಬ್ಬರ, ಸೊಪ್ಪು, ಹೊಸಮಣ್ಣು, ಕಾಲುವೆ ಕೆಲಸ, ಪಂಪಿನ ರಿಪೇರಿ ಇವೆಲ್ಲ ಕಳೆಯುವ ಸಾಲು ತೆರೆಗೆ ಬರುವುದಿಲ್ಲ. ದರವೂ ನಿಲ್ಲುವುದಿಲ್ಲ. ವೆನಿಲ್ಲಾ ಬೆಳೆ ನೆನಪಿರುವವರು ಈ ಸಭೆಯಲ್ಲಿದ್ದಾರೆ. ಮಡಗಾಸ್ಕರಿನ ಬೆಳೆ ಚಂಡಮಾರುತಕ್ಕೆ ಸಿಕ್ಕ ಮೇಲೆ ದರ ಏರುತ್ತ ಹೋಗಿ, 2003ರ ಹೊತ್ತಿಗೆ ಎಲ್ಲೆಲ್ಲೂ ವೆನಿಲ್ಲಾದ ಆದಾಯದ ಕಥೆಗಳೇ. ಒಂದೊಂದು ಹೂವನ್ನೂ ಅದು ಅರಳಿದ ದಿನವೇ, ಬೆಳಗಿನ ಹೊತ್ತಿನಲ್ಲಿ, ಕೈಯಿಂದಲೇ ಪರಾಗಸ್ಪರ್ಶ ಮಾಡಬೇಕಿತ್ತು. ಹಾಗೆ ದುಡಿದವರ ಬಳ್ಳಿ ಕಾಯಿ ಬಿಡುವ ಹೊತ್ತಿಗೆ ಮಾರುಕಟ್ಟೆ ನೆಲ ಕಚ್ಚಿತ್ತು. ಅವರನ್ನು ಹುಡುಕಿಕೊಂಡು ಎರಡನೇ ಸಲ ಯಾರೂ ಕ್ಯಾಮೆರಾ ತರಲಿಲ್ಲ.

ಇದಕ್ಕಿಂತ ದೊಡ್ಡ ಹೊಂಡ ‘ಹದಿನೈದು ಎಕರೆ ಜಾಗ’ ಎಂಬ ಮಾತಿನಲ್ಲಿದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ಹಚ್ಚಿಕೊಟ್ಟ ಪದ್ಧತಿಯಿದೆ. ಒಂದೂವರೆ ಎಕರೆ ತೋಟ, ಹದಿಮೂರೂವರೆ ಎಕರೆ ಬೆಟ್ಟ, ಕೂಡಿದರೆ ಹದಿನೈದು. ಡ್ರೋನಿನಲ್ಲಿ ಎರಡೂ ಒಂದೇ ಹಸಿರು. ಆದರೆ ಬೆಟ್ಟ ತೋಟದವನ ಸ್ವತ್ತಲ್ಲ. ಸೊಪ್ಪು, ದರಕು (ಉದುರಿದ ಒಣ ಎಲೆ) ತರುವ ಸೌಲಭ್ಯ ಅವನದು, ಭೂಮಿ ಸರ್ಕಾರದ್ದು. 1964ರ ಭೂಕಂದಾಯ ಕಾಯ್ದೆ ಆ ಸೌಲಭ್ಯವನ್ನು ಮಾನ್ಯ ಮಾಡುತ್ತದೆ, ಮಾಲೀಕತ್ವ ಕೊಡುವುದಿಲ್ಲ. ಅಲ್ಲಿ ಹೋಮ್‌ಸ್ಟೇ ಕಟ್ಟುವ ಕನಸು ಕಂಡವರು ಅರಣ್ಯ ಇಲಾಖೆಯ ನೋಟಿಸು ಕೈಗೆ ಬಂದಾಗ ವ್ಯತ್ಯಾಸ ತಿಳಿಯುತ್ತಾರೆ. ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾಗಿ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳುವಂತಾದ ಮೇಲೆ ಇಂಥ ವ್ಯವಹಾರಕ್ಕೆ ಪೇಟೆಯಿಂದ ನೇರವಾಗಿ ಬರುವವರಿದ್ದಾರೆ. ಪಹಣಿಯಲ್ಲಿ ಮಾಲ್ಕಿ (ಸ್ವಂತ ಭೂಮಿ) ಎಷ್ಟು, ಬೆಟ್ಟ ಎಷ್ಟು, ಅತಿಕ್ರಮಣ ಎಷ್ಟು ಬಿಡಿಸಿ ನೋಡಬೇಕು. ಋಣಭಾರ ಪತ್ರ, ಮ್ಯುಟೇಶನ್, ಸರ್ವೆ ನಕ್ಷೆ ಜೊತೆಗಿಟ್ಟು ಗಡಿ ಅಳೆಸಬೇಕು. ಮಂಜೂರಾದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆಗೆ ಒಳಪಡುತ್ತದೆಯೇ ಎಂದು ಕೇಳಬೇಕು. ಪರಿಶಿಷ್ಟರಿಗೆ ಮಂಜೂರಾದ ಭೂಮಿಯನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ ಆ ಕ್ರಯ ನಿಲ್ಲುವುದಿಲ್ಲ. ಕಡಲ ದಂಡೆಯಲ್ಲಿ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಗೆರೆ ಬೇರೆ ಇದೆ.

ಗುಡ್ಡ ಕಡಿದು ಮಟ್ಟ ಮಾಡಿ ಮನೆ ಕಟ್ಟಿದ ದೃಶ್ಯಗಳನ್ನು ನೋಡುವಾಗ ಮನಸ್ಸಿಗೆ ಹಿಂಸೆಯಾಗುತ್ತದೆ. 2021ರ ಜುಲೈಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆ, ರಸ್ತೆ ಹೋದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಜಾರಿ ಜೀವಗಳು ಹೋದವು. ಇಳಿಜಾರಿನ ಬುಡ ಕಡಿದ ಕಡೆ ‘ಇಲ್ಲಿಂದ ಕಾಣುವ ನೋಟ ಅದ್ಭುತ’ ಎನ್ನುವ ಮೊದಲು ಮಳೆನೀರು ಎಲ್ಲಿ ಹರಿದು ಹೋಗುತ್ತದೆಂದು ನಿರೂಪಕರು ಒಂದು ಮಾತು ಕೇಳಲಿ.

ಆರೋಗ್ಯದ ವಿಷಯ ಚುಟುಕಾಗಿ ಹೇಳುತ್ತೇನೆ. ಚಿತ್ರೀಕರಣಕ್ಕೆ ಹಿತವಾದ ಡಿಸೆಂಬರಿನಿಂದಲೇ ಮಂಗನ ಕಾಯಿಲೆಯ ಕಾಲವೂ ಶುರುವಾಗಿ ಮೇ ವರೆಗೆ ಇರುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಪತ್ತೆಯಾದ ಈ ರೋಗ ಸಿದ್ದಾಪುರದ ಕಡೆಗೂ ಬಂದಿದೆ. ಹರಡುವುದು ಉಣುಗಿನಿಂದ, ಎಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಹುಳದಿಂದ. ಬರಿಗಾಲಿನಲ್ಲಿ ದರಕಿನ ಮೇಲೆ ನಡೆಯುವ ದೃಶ್ಯ ನೋಡಿ ಯಾರೂ ಹಾಗೆ ನಡೆಯಬಾರದು. ಬೆಟ್ಟಕ್ಕೆ ಹೋಗುವ ಮೊದಲು ಉಣುಗು ತಡೆಯುವ ಎಣ್ಣೆ ಹಚ್ಚಿ, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ತೊಳೆಯಬೇಕು. ದೊಡ್ಡ ತುರ್ತು ಬಂದರೆ ನಮ್ಮ ಜಿಲ್ಲೆಯವರು ಮಣಿಪಾಲ, ಹುಬ್ಬಳ್ಳಿ, ಗೋವೆಗೆ ಓಡುತ್ತಾರೆ. ಶಿರಸಿಯಿಂದ ಹುಬ್ಬಳ್ಳಿಗೇ ಸುಮಾರು 100 ಕಿ.ಮೀ.

ಇಷ್ಟೆಲ್ಲ ಹೇಳಿದ ಮೇಲೂ, ಬರುವವರು ಬರಬಾರದೆಂಬುದು ನನ್ನ ಮಾತಲ್ಲ. ಮಕ್ಕಳಿಲ್ಲದ ಶಾಲೆ, ಬೀಗ ಬಿದ್ದ ಮನೆ ಇರುವ ಊರಿಗೆ ಒಂದು ಕುಟುಂಬ ಬಂದರೆ ಊರಿಗೆ ಉಸಿರು ಬರುತ್ತದೆ. ಅವರು ಎರಡನೇ ಮಳೆಗಾಲಕ್ಕೆ ಸೋತು ಹಿಂದಿರುಗುವುದನ್ನು ನೋಡಲಾಗದು, ಅದಕ್ಕೇ ಇಷ್ಟು ಮಾತು. 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಸೋಲು, ಖರ್ಚು, ತಾರೀಖು ಎಲ್ಲವೂ ಅಚ್ಚಿಗೆ ಬಂದವು. ಟಿವಿಗೂ ಇದು ಆಗದ ಕೆಲಸವಲ್ಲ. ಒಂದೇ ಮನೆಗೆ ಮೇ, ಜುಲೈ, ಡಿಸೆಂಬರಿನಲ್ಲಿ ಮೂರು ಸಲ ಹೋಗಲಿ, ದೃಶ್ಯದ ಮೂಲೆಯಲ್ಲಿ ತಿಂಗಳು, ವರ್ಷ ಹಾಕಲಿ, ಆದಾಯ ಹೇಳಿದ ಕಡೆ ಖರ್ಚನ್ನೂ ಹೇಳಿಸಲಿ.

ಅಲ್ಲಿಯವರೆಗೆ, ಟಿವಿ ನೋಡಿ ಮನಸ್ಸು ಮಾಡಿದ ನಿಮ್ಮ ಮನೆಯ ಹುಡುಗ ಹುಡುಗಿಯರಿಗೆ ಹೀಗೆ ಹೇಳಿ: ಜಾಗ ಕೊಳ್ಳುವ ಮೊದಲು ಅದೇ ಊರಿನಲ್ಲಿ ಒಂದು ಮನೆ ಬಾಡಿಗೆಗೆ ಹಿಡಿ. ಮೇ ಮೊದಲ ವಾರ ಬಂದು ಬಾವಿ ಅಳೆ. ಜೂನಿನಿಂದ ಸೆಪ್ಟೆಂಬರ್ ಬಿಡದೆ ಇರು. ಕರೆಂಟು ಎಷ್ಟು ದಿನ ಹೋಯಿತು, ನೆಟ್‌ವರ್ಕ್ ಯಾವಾಗ ಸಿಕ್ಕಿತು, ಯಾರ ತೋಟಕ್ಕೆ ಕೊನೆಗೌಡ ಯಾವ ದಿನ ಬಂದ ಎಂದು ಪುಸ್ತಕದಲ್ಲಿ ಬರೆದಿಡು. ಅಕ್ಟೋಬರಿನಲ್ಲಿ ಆ ಪುಸ್ತಕ ಮತ್ತು ಪಹಣಿ ಎರಡನ್ನೂ ಪಕ್ಕ ಪಕ್ಕ ಇಟ್ಟುಕೊಂಡು ಕೂತು ಮಾತಾಡೋಣ.