ಮೊದಲು ಚಾನೆಲ್, ಆಮೇಲೆ ಡಿಶ್

ಕೇಳುಗರಿಗೆ ನಮಸ್ಕಾರ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ತೀರ್ಥಹಳ್ಳಿ ಕಡೆಯ ಒಂದು ತೋಟದ ಮನೆಗೆ ಹೋಗಿದ್ದೆ. ಡಿಶ್ ಕೂರಿಸುವುದು ನನ್ನ ಕೆಲಸ. ಆ ಮನೆಯ ಮಾಡಿನ ಹತ್ತಿರ ಆಗಲೇ ಎರಡು ಡಿಶ್ ಇದ್ದವು. ಒಂದು ಡಿಡಿ ಫ್ರೀ ಡಿಶ್‌ನದು, ಇನ್ನೊಂದು ಸನ್ ಡೈರೆಕ್ಟ್‌ನದು. ಯಜಮಾನರು ಕಾಫಿ ಕೊಟ್ಟು ಕೇಳಿದರು: "ಮಾರಾಯ್ರೇ, ಮಗಳಿಗೆ ಫುಟ್‌ಬಾಲ್ ನೋಡ್ಬೇಕಂತೆ. ಆ ಚಾನೆಲ್ ಇದರಲ್ಲಿ ಬರ್ತಿಲ್ಲ. ಇನ್ನೂ ಸ್ವಲ್ಪ ದೊಡ್ಡ ಡಿಶ್ ಹಾಕಿದ್ರೆ ಬರುತ್ತಾ?"

ಈ ಪ್ರಶ್ನೆ ನನಗೆ ಹೊಸದಲ್ಲ. ಡಿಶ್ ದೊಡ್ಡದಾದರೆ ಚಾನೆಲ್ ಜಾಸ್ತಿ ಬರುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗೇನೂ ಇಲ್ಲ. ಡಿಶ್‌ಗೆ ಚಾನೆಲ್ ಅಂದರೇನು ಅಂತಲೇ ಗೊತ್ತಿಲ್ಲ. ಅದು ಬರೀ ಒಂದು ಬಟ್ಟಲು. ಆಕಾಶದ ಒಂದು ಜಾಗದಿಂದ ಬರುವ ಅಲೆಗಳನ್ನು ಒಟ್ಟು ಮಾಡಿ, ಎದುರಿನ ಕಡ್ಡಿಯ ತುದಿಯಲ್ಲಿರುವ ಎಲ್‌ಎನ್‌ಬಿಗೆ, ಅಂದರೆ ಅಲೆಯನ್ನು ಹಿಡಿದು ಕೇಬಲ್‌ಗೆ ಇಳಿಸುವ ಸಣ್ಣ ಡಬ್ಬಿಗೆ, ಕೊಡುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ಯಾವ ಚಾನೆಲ್ ಕಾಣಬೇಕು ಅನ್ನುವುದನ್ನು ತೀರ್ಮಾನಿಸುವುದು ಡಿಶ್ ನೋಡುತ್ತಿರುವ ಉಪಗ್ರಹ ಮತ್ತು ಮನೆಯೊಳಗಿನ ಬಾಕ್ಸ್.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಒಂದು ಚೀಟಿ ತಗೊಳ್ಳಿ. ಮನೆಯಲ್ಲಿ ಯಾರು ಏನು ನೋಡುತ್ತಾರೆ, ಬರೆಯಿರಿ. ಅಜ್ಜಿಗೆ ಚಂದನ ಸಾಕಾ? ಸೊಸೆಗೆ ಖಾಸಗಿ ಚಾನೆಲ್‌ನ ಧಾರಾವಾಹಿ ಬೇಕಾ? ಮಕ್ಕಳಿಗೆ ಆಟದ ಚಾನೆಲ್ ಬೇಕಾ? ಆಮೇಲೆ ಆ ಚಾನೆಲ್‌ಗಳನ್ನು ಯಾರು ಕೊಡುತ್ತಾರೆ ನೋಡಿ. ಕೊಡುವವರು ಗೊತ್ತಾದರೆ ಉಪಗ್ರಹ ಗೊತ್ತಾಯಿತು. ಉಪಗ್ರಹ ಗೊತ್ತಾದರೆ ಡಿಶ್ ಎತ್ತ ನೋಡಬೇಕು, ಎಷ್ಟು ದೊಡ್ಡದಿರಬೇಕು ಅನ್ನುವುದು ತಾನಾಗಿ ಬರುತ್ತದೆ. ಎಲ್ಲರೂ ಇದನ್ನು ಉಲ್ಟಾ ಮಾಡುತ್ತಾರೆ. ಮೊದಲು ಡಿಶ್ ತರುತ್ತಾರೆ, ಆಮೇಲೆ ಚಾನೆಲ್ ಹುಡುಕುತ್ತಾರೆ.

ಟಿವಿ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ, ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ ಸಾಲಾಗಿ ನಿಂತಿವೆ. ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ಅವೂ ತಿರುಗುತ್ತವೆ. ಅದಕ್ಕೇ ನಮ್ಮ ಕಣ್ಣಿಗೆ ಕದಲದ ಹಾಗೆ. ಒಂದೊಂದಕ್ಕೂ ರೇಖಾಂಶವೇ ವಿಳಾಸ. ಡಿಡಿ ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15ರಿಂದ. ಸನ್ ಡೈರೆಕ್ಟ್ ಕೂಡ ಅದೇ ಜಾಗದಿಂದ. ಟಾಟಾ ಪ್ಲೇ 83 ಡಿಗ್ರಿ. ಡಿಟುಎಚ್ 88, ಡಿಶ್ ಟಿವಿ 95. ಏರ್‌ಟೆಲ್ ದೂರ, 108ರ ಹತ್ತಿರ.

ಈ ಅಂಕಿಗಳು ಸುಮ್ನೆ ಅಲ್ಲ. ಬೆಂಗಳೂರಿನಲ್ಲಿ ನಿಂತರೆ 83 ಡಿಗ್ರಿಯ ಉಪಗ್ರಹ ಹೆಚ್ಚುಕಡಿಮೆ ನೆತ್ತಿಯ ಕಡೆಗಿದೆ, ನೆಲದಿಂದ 73 ಡಿಗ್ರಿ ಮೇಲೆ. 93.5ರದ್ದು 66 ಡಿಗ್ರಿ ಎತ್ತರದಲ್ಲಿ, ಆಗ್ನೇಯಕ್ಕೆ. ಕಲಬುರಗಿಗೆ ಹೋದರೆ ಸರಿಯಾಗಿ ಆಗ್ನೇಯ ಮೂಲೆ. ವಾಸ್ತು ನೋಡಿ ಅಡುಗೆಮನೆ ಕಟ್ಟಿದವರು ದಿಕ್ಕು ಹುಡುಕಬೇಕಾಗೇ ಇಲ್ಲ! 108ರದ್ದು ಬೆಂಗಳೂರಿಗೆ ಪೂರ್ವದ ಕಡೆ, ಬರೀ 52 ಡಿಗ್ರಿ ಎತ್ತರದಲ್ಲಿ. ಬಯಲುಸೀಮೆಯ ತಾರಸಿ ಮನೆಗೆ ಇದರಿಂದ ಏನೂ ವ್ಯತ್ಯಾಸವಿಲ್ಲ. ಆದರೆ ಅಡಿಕೆ, ತೆಂಗಿನ ನಡುವೆ ಮನೆ ಇದ್ದವರಿಗೆ ಇದೇ ದೊಡ್ಡ ವಿಷಯ. ಉಪಗ್ರಹ ಕೆಳಗಿದ್ದಷ್ಟೂ ಮರ ಅಡ್ಡ ಬರುವುದು ಜಾಸ್ತಿ.

ಮರ ಅಡ್ಡ ಬರುತ್ತದಾ ಇಲ್ಲವಾ ಅಂತ ಡಿಶ್‌ನ ಮುಖ ನೋಡಿ ಹೇಳಲು ಹೋಗಬೇಡಿ. ನಮ್ಮ ಮನೆಗಳ ಸಣ್ಣ ಡಿಶ್‌ನಲ್ಲಿ ಎಲ್‌ಎನ್‌ಬಿ ನಡುವೆ ಇರುವುದಿಲ್ಲ, ಕೆಳಗಿರುತ್ತದೆ. ಹಾಗಾಗಿ ಬಟ್ಟಲು ಎತ್ತ ಮುಖ ಮಾಡಿದೆಯೋ, ಉಪಗ್ರಹ ಅದಕ್ಕಿಂತ ಇಪ್ಪತ್ತು ಡಿಗ್ರಿಗೂ ಹೆಚ್ಚು ಮೇಲಿರುತ್ತದೆ. ಎದುರಿಗಿದೆ ಅಂತ ಒಳ್ಳೇ ಫಲ ಬಿಡುವ ತೆಂಗಿನಮರ ಕಡಿಸಿದವರನ್ನು ನಾನು ಕಂಡಿದ್ದೇನೆ. ಆ ಮರ ಅಡ್ಡವೇ ಇರಲಿಲ್ಲ.

ಇದಕ್ಕೆ ಒಂದು ಉಪಾಯ ಹೇಳುತ್ತೇನೆ. ಮಾರ್ಚ್ ಮಧ್ಯದಲ್ಲಿ, ಮತ್ತೆ ಸೆಪ್ಟೆಂಬರ್ ಕೊನೆಯಲ್ಲಿ, ಬೆಳಿಗ್ಗೆ 11 ಗಂಟೆ ಸುಮಾರಿಗೆ ಕೆಲವು ನಿಮಿಷ ಟಿವಿ ಚಿತ್ರ ಒಡೆಯುವುದನ್ನು ನೋಡಿರಬಹುದು. ಮೋಡ ಇರುವುದಿಲ್ಲ, ಗಾಳಿ ಇರುವುದಿಲ್ಲ, ಆದರೂ ಹೋಗುತ್ತದೆ. ಆಗ ಸೂರ್ಯ ಸರಿಯಾಗಿ 93.5ರ ಉಪಗ್ರಹದ ಹಿಂದೆ ಬಂದಿರುತ್ತಾನೆ. ಅವನ ಗದ್ದಲದಲ್ಲಿ ಉಪಗ್ರಹದ ಸಣ್ಣ ದನಿ ಕೇಳಿಸುವುದಿಲ್ಲ. ನಾಲ್ಕಾರು ದಿನ ಹೀಗಾಗಿ ತಾನೇ ಸರಿಹೋಗುತ್ತದೆ, ರಿಪೇರಿಯವರನ್ನು ಕರೆಯಬೇಕಾಗಿಲ್ಲ. ಆದರೆ ಆ ಹೊತ್ತಿನಲ್ಲಿ ಡಿಶ್ ಹಾಕಬೇಕೆಂದಿರುವ ಜಾಗಕ್ಕೆ ಹೋಗಿ ನಿಲ್ಲಿ. ಅಲ್ಲಿ ಬಿಸಿಲು ಬಿದ್ದಿದೆಯಾ, ಮರದ ನೆರಳಿದೆಯಾ ನೋಡಿ. ಬಿಸಿಲಿದ್ದರೆ ಅಲ್ಲಿಗೆ ಸಿಗ್ನಲ್ಲೂ ಬರುತ್ತದೆ. ಇಷ್ಟು ಸಲೀಸಾದ ಮೀಟರ್ ನನ್ನ ಚೀಲದಲ್ಲೂ ಇಲ್ಲ. ಸೂರ್ಯನನ್ನು ನೇರ ನೋಡಬೇಡಿ, ನೆರಳು ನೋಡಿದರೆ ಸಾಕು.

ಇನ್ನು ಡಿಶ್‌ನ ಅಳತೆ. ಇಲ್ಲಿ ಸ್ವಲ್ಪ ಹಿಂದೆ ಹೋಗೋಣ. ಕರ್ನಾಟಕದ ಹಳ್ಳಿಗಳಿಗೆ ಡಿಶ್ ಬಂದು ಐವತ್ತು ವರ್ಷ ಆಯಿತು ಅಂದರೆ ನಂಬುತ್ತೀರಾ? 1975ರ ಆಗಸ್ಟ್ 1ರಂದು ಸೈಟ್ ಅನ್ನುವ, ಉಪಗ್ರಹದಿಂದ ಹಳ್ಳಿಗಳಿಗೆ ಟಿವಿ ತೋರಿಸುವ ಪ್ರಯೋಗ ಶುರುವಾಯಿತು. ನಾಸಾದ ಎಟಿಎಸ್-6 ಉಪಗ್ರಹ ನಮ್ಮ ದೇಶಕ್ಕೆ ಒಂದು ವರ್ಷ ಎರವಲು ಸಿಕ್ಕಿತ್ತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟಿವಿ ಇಟ್ಟರು. ನಮ್ಮಲ್ಲಿ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಅಲ್ಲಿ ಹಾಕಿದ ಡಿಶ್ ಹತ್ತು ಅಡಿ ಅಗಲ, ಮಾಡಿದ್ದು ಕೋಳಿಗೂಡಿನ ತಂತಿ ಬಲೆಯಿಂದ! ಆ ಉಪಗ್ರಹ ಕಳಿಸುತ್ತಿದ್ದ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಅಷ್ಟುದ್ದದ ಅಲೆಗೆ ಬಲೆಯ ತೂತು ಲೆಕ್ಕಕ್ಕೇ ಇಲ್ಲ, ಗೋಡೆ ಇದ್ದ ಹಾಗೆ.

ತೊಂಬತ್ತರ ದಶಕದಲ್ಲಿ ಕೇಬಲ್‌ನವರ ತಾರಸಿ ಮೇಲೆ ಕಂಡ ದೊಡ್ಡ ಜಾಲರಿ ಡಿಶ್‌ಗಳು ಸಿ ಬ್ಯಾಂಡ್ ಅನ್ನುವ ಅಲೆಗಳ ಗುಂಪಿನವು. ಅಲ್ಲಿ ಅಲೆ ಏಳೂವರೆ ಸೆಂಟಿಮೀಟರ್. ಈಗ ನಮ್ಮ ಮನೆಗೆ ಬರುವುದು ಕೆಯು ಬ್ಯಾಂಡ್, ಅಲೆ ಎರಡೂವರೆ ಸೆಂಟಿಮೀಟರ್ ಅಷ್ಟೇ. ಅದಕ್ಕೇ ತಗಡಿನ ಗಟ್ಟಿ ಬಟ್ಟಲು ಬೇಕು, ಅದು ನುಣುಪಾಗಿರಬೇಕು. ತೆಂಗಿನಕಾಯಿ ಬಿದ್ದು ತಗ್ಗಾದ ಡಿಶ್ ಸಿಗ್ನಲ್ ಕಳೆದುಕೊಳ್ಳುತ್ತದೆ. ಅದಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುವವರಿಗೂ ಇದೇ ಮಾತು.

ಸಣ್ಣ ಅಲೆಗೆ ಇನ್ನೊಂದು ತಾಪತ್ರಯ ಮಳೆ. ದಪ್ಪ ಹನಿಗಳು ಅಲೆಯನ್ನು ಹೀರಿಬಿಡುತ್ತವೆ. ಮಂಡ್ಯ, ಚಿತ್ರದುರ್ಗದ ಕಡೆ 60 ಸೆಂಟಿಮೀಟರ್ ಡಿಶ್ ಧಾರಾಳವಾಗಿ ಸಾಕು. ಆಗುಂಬೆ, ಹೊಸನಗರ, ಸುಳ್ಯದ ಕಡೆಯವರಿಗೆ ನಾನು 90 ಸೆಂಟಿಮೀಟರ್ ಹಾಕಿಸಿ ಅನ್ನುತ್ತೇನೆ. ಅಗಲ ಒಂದೂವರೆ ಪಟ್ಟಾದರೂ ಅಲೆ ಹಿಡಿಯುವ ಜಾಗ ಎರಡೂಕಾಲು ಪಟ್ಟು ಆಗುತ್ತದೆ. ಜಡಿಮಳೆಗೆ ಅದೂ ಸೋಲುತ್ತದೆ, ಆದರೆ ಸಾಧಾರಣ ಮಳೆಗೆ ಚಿತ್ರ ನಿಲ್ಲುತ್ತದೆ. ದೊಡ್ಡ ಡಿಶ್‌ನಿಂದ ಸಿಗುವ ಲಾಭ ಇದು, ಚಾನೆಲ್ ಅಲ್ಲ. ಗಾಳಿಗೆ ಅಲುಗದ ಹಾಗೆ ಕಂಬ ಮಾತ್ರ ಗಟ್ಟಿ ಇರಲಿ.

ತಿಂಗಳ ದುಡ್ಡು ಕಟ್ಟಲು ಇಷ್ಟವಿಲ್ಲದವರಿಗೆ ಡಿಡಿ ಫ್ರೀ ಡಿಶ್ ಇದೆ. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅಂತ ಶುರುವಾದದ್ದು ಇದೇ. ಒಂದು ಸಲ ಡಿಶ್, ಬಾಕ್ಸ್ ಕೊಂಡರೆ ಮುಗಿಯಿತು. ಅದರಲ್ಲಿ ಹಿಂದಿಯದೇ ಜಾಸ್ತಿ ಅನ್ನುವುದನ್ನು ಮೊದಲೇ ತಿಳಿದಿರಿ. ಬಾಕ್ಸ್ ತಗೊಳ್ಳುವಾಗ ಎಂಪೆಗ್-4, ಅಂದರೆ ಚಿತ್ರವನ್ನು ಕುಗ್ಗಿಸಿ ಕಳಿಸುವ ಹೊಸ ವಿಧಾನ, ಓದುವಂಥದ್ದೇ ಕೇಳಿ. ಹಳೇ ಎಂಪೆಗ್-2 ಬಾಕ್ಸ್ ಕಡಿಮೆಗೆ ಸಿಗುತ್ತದೆ, ಎಂಪೆಗ್-4ರ ಚಾನೆಲ್‌ಗಳು ಅದರಲ್ಲಿ ಕಾಣುವುದಿಲ್ಲ. ಅಂದ ಹಾಗೆ, ಅದೇ ಡಿಶ್‌ನಲ್ಲಿ ಆಕಾಶವಾಣಿಯೂ ಬರುತ್ತದೆ. ಬಾನುಲಿಯಲ್ಲಿ ಕೂತು ಇದನ್ನು ಹೇಳದಿದ್ದರೆ ತಪ್ಪಾದೀತು, ಅಲ್ವಾ?

ತೀರ್ಥಹಳ್ಳಿಯ ಮನೆಗೆ ವಾಪಸ್ ಬರುತ್ತೇನೆ. ಅವರ ಎರಡು ಡಿಶ್ ಒಂದೇ ಉಪಗ್ರಹವನ್ನು ನೋಡುತ್ತಿದ್ದವು. ಎರಡನೆಯದು ಬೇಕೇ ಇರಲಿಲ್ಲ. ಒಂದು ಡಿಶ್‌ಗೆ ಎರಡು ಬಾಯಿಯ ಎಲ್‌ಎನ್‌ಬಿ ಹಾಕಿ, ಒಂದೊಂದು ಬಾಕ್ಸ್‌ಗೂ ಬೇರೆ ಬೇರೆ ಕೇಬಲ್ ಎಳೆದೆ. ಒಂದೇ ಕೇಬಲ್ಲನ್ನು ಸೀಳಿ ಎರಡು ಬಾಕ್ಸ್‌ಗೆ ಕೊಟ್ಟರೆ ಒಂದು ಬಾಕ್ಸ್ ಇನ್ನೊಂದರ ಜೊತೆ ಜಗಳಕ್ಕೆ ಬೀಳುತ್ತದೆ, ಅದಕ್ಕೇ ಹಾಗೆ ಮಾಡುವುದಿಲ್ಲ. ಮಗಳ ಫುಟ್‌ಬಾಲ್ ಚಾನೆಲ್? ಅದು ಮನೆಯಲ್ಲಿದ್ದ ಬಾಕ್ಸ್‌ನಲ್ಲೇ ಬರುವಂಥದ್ದು. ಅವರ ಪ್ಯಾಕಿನಲ್ಲಿ ಇರಲಿಲ್ಲ, ಅಷ್ಟೇ. 2019ರಿಂದ ಬೇಕಾದ ಚಾನೆಲ್ಲನ್ನು ಬಿಡಿಯಾಗಿ ಸೇರಿಸಿಕೊಳ್ಳಬಹುದು. ಅವರ ಮೊಬೈಲ್‌ನಿಂದಲೇ ಸೇರಿಸಿದೆವು, ಕಾಫಿ ಆರುವುದರೊಳಗೆ ಬಂತು.

ಬಿಚ್ಚಿದ ಡಿಶ್ ಏನು ಮಾಡುವುದು ಅಂತ ಯಜಮಾನರು ಕೇಳಿದರು. ಇಟ್ಟುಕೊಳ್ಳಿ ಅಂದೆ. ಫೆಬ್ರವರಿಯಲ್ಲಿ ಮತ್ತೆ ಆ ದಾರಿಯಲ್ಲಿ ಹೋದಾಗ ಅದು ಅಂಗಳದಲ್ಲಿ ಅಂಗಾತ ಮಲಗಿತ್ತು. ಅದರ ತುಂಬಾ ಕಾಳುಮೆಣಸು ಒಣಗುತ್ತಿತ್ತು.

ನಮಸ್ಕಾರ.